ವಾರ್, ಬ್ಯಾಟಲ್, ಕ್ಲ್ಯಾಶ್: ನಾನು ಬಿಡಿಸಿಕೊಂಡ ಬಗೆ

ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ವಾರ್, ಬ್ಯಾಟಲ್, ಕಾನ್‌ಫ್ಲಿಕ್ಟ್, ಕ್ಲ್ಯಾಶ್ ಯಾವುದಕ್ಕೆ ನಿಘಂಟು ತೆಗೆದರೂ ಯುದ್ಧ, ಕಾಳಗ, ಹೋರಾಟ, ಜಗಳ ಅಂತ ಅವೇ ಪದಗಳು ತಿರುಗಿ ತಿರುಗಿ ಸಿಗುತ್ತವೆ. ಅದಕ್ಕೇ ನಿಘಂಟು ಬದಿಗಿಟ್ಟು, ಚೆನ್ನಾಗಿ ಗೊತ್ತಿರುವ ಘಟನೆಗಳಲ್ಲಿ ಒಂದೊಂದೇ ಪದವನ್ನು ಕೂರಿಸಿ ನೋಡತೊಡಗಿದೆ.

ಮೊದಲು ಹಿಡಿದದ್ದು ಮೈಸೂರು. ಇಂಗ್ಲಿಷರ ಜೊತೆ ಹೈದರ್ ಮತ್ತು ಟಿಪ್ಪು ಕಾಲದಲ್ಲಿ ನಡೆದ ವಾರ್‌ಗಳು ನಾಲ್ಕು. ಎರಡನೆಯದು 1780ರಲ್ಲಿ ಶುರುವಾಗಿ 1784ರ ಮಂಗಳೂರು ಒಪ್ಪಂದಕ್ಕೆ ಮುಗಿಯಿತು. ಇದರ ಒಳಗೇ, 1780ರ ಸೆಪ್ಟೆಂಬರ್‌ನಲ್ಲಿ, ಕಾಂಚೀಪುರದ ಹತ್ತಿರದ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆಗೆ ಮೈಸೂರಿನವರು ಮಣ್ಣುಮುಕ್ಕಿಸಿದ್ದು ಬ್ಯಾಟಲ್. ಒಂದು ಜಾಗ, ಎದುರಾಬದುರು ಎರಡು ಪಡೆ, ಅಲ್ಲೇ ಸೋಲು ಗೆಲುವು. ಆದರೆ ವಾರ್ ಮುಗಿಯಲಿಲ್ಲ, ಇನ್ನೂ ಮೂರು ವರ್ಷಕ್ಕಿಂತ ಜಾಸ್ತಿ ನಡೆಯಿತು. ಇನ್ನು 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಯನ್ನು ಸುತ್ತುವರಿದು, ಫಿರಂಗಿಯಿಂದ ಗೋಡೆ ಒಡೆದು ಒಳನುಗ್ಗಿದರಲ್ಲ, ಅದು ಸೀಜ್. ನಮ್ಮ ಮುತ್ತಿಗೆ.

ಕ್ಲ್ಯಾಶ್‌ಗೆ ಲಡಾಖ್‌ನ ಗಲ್ವಾನ್ ಕಣಿವೆ ನೋಡಿ. 2020ರ ಜೂನ್ 15ರ ರಾತ್ರಿ ನಮ್ಮ 20 ಯೋಧರು ಪ್ರಾಣ ಕೊಟ್ಟರು. ಚೀನಾ ಸೈನಿಕರ ಜೊತೆ ಕಲ್ಲು, ದೊಣ್ಣೆಗಳಲ್ಲೇ ಬಡಿದಾಡಿದರು, ಗುಂಡು ಹಾರಲಿಲ್ಲ. ಅಷ್ಟು ಜೀವ ಹೋದರೂ ಇಂಗ್ಲಿಷ್ ವರದಿಗಳು ಕ್ಲ್ಯಾಶ್ ಅಂತಲೇ ಬರೆದವು, ಯಾಕೆಂದರೆ ಆ ಪದ ಸಾವಿನ ಲೆಕ್ಕ ನೋಡುವುದಿಲ್ಲ, ಮುಖಾಮುಖಿಯಾಗಿ ಡಿಕ್ಕಿ ಹೊಡೆದದ್ದನ್ನು ಹೇಳುತ್ತದೆ. ಎರಡು ಮೀಟಿಂಗ್ ಕ್ಲ್ಯಾಶ್ ಆಯ್ತು ಅಂತ ನಾವೇ ಹೇಳ್ತೀವಲ್ವಾ? ಹಾಗಾಗಿ ಘರ್ಷಣೆ ಸರಿಹೋಗುತ್ತದೆ. ಸ್ಕರ್ಮಿಶ್ ಸಣ್ಣ ತುಕಡಿಗಳದು, ಅದಕ್ಕೆ ಚಕಮಕಿ ಸಾಕು. ಫ್ಯೂಡ್ ಅಂದರೆ ಹಳೇ ಹಗೆ.

ಕಾನ್‌ಫ್ಲಿಕ್ಟ್ ಇವೆಲ್ಲಕ್ಕಿಂತ ಅಗಲ. ಯುದ್ಧಕಾಲದ ನಡವಳಿಕೆಗೆ ನಿಯಮ ಹಾಕುವ 1949ರ ಜಿನೀವಾ ಒಪ್ಪಂದಗಳು ಘೋಷಿತ ಯುದ್ಧದ ಜೊತೆಗೆ ಬೇರೆ ಸಶಸ್ತ್ರ ಸಂಘರ್ಷಗಳಿಗೂ ಅನ್ವಯಿಸುತ್ತವೆ. ಯುದ್ಧ ಸಾರಿಲ್ಲ ಅಂತ ಹೇಳಿ ಯಾರೂ ನಿಯಮದಿಂದ ನುಣುಚಿಕೊಳ್ಳಬಾರದು, ಅದಕ್ಕೆ.

ನಾನು ತುಂಬಾ ಹಟ ಹಿಡಿಯುವುದು ಡಿಸ್‌ಪ್ಯೂಟ್ ವಿಷಯದಲ್ಲಿ. ಕಾವೇರಿ ಅಂದರೆ ಡಿಸ್‌ಪ್ಯೂಟ್. ರಾಜ್ಯಗಳ ನಡುವಿನ ನದಿ ನೀರಿನ 1956ರ ಕಾನೂನಿನ ಇಂಗ್ಲಿಷ್ ಹೆಸರಲ್ಲೇ ಆ ಪದ ಇದೆ, 1990ರಲ್ಲಿ ನ್ಯಾಯಮಂಡಳಿ ಬಂತು, 2007ರಲ್ಲಿ ತೀರ್ಪು ಬಂತು. ಅಲ್ಲಿರುವುದು ವಕೀಲರು, ಕಡತ, ಟಿಎಂಸಿ ಲೆಕ್ಕ. 1991ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಬೀದಿಯಲ್ಲಿ ನಡೆದದ್ದು ಬೇರೆ, ಅದು ಗಲಭೆ. ಆದರೂ ಕೋರ್ಟಿನಲ್ಲಿ ಒಂದು ಅರ್ಜಿ ಬಿದ್ದರೆ ಸಾಕು, ‘ಕಾವೇರಿ ಸಮರ’ ಅಂತ ತಲೆಬರಹ ಕೊಡುತ್ತಾರೆ. ಎರಡೂ ಕಡೆ ಬದುಕುವ ಜನರಿದ್ದಾರೆ, ಆ ಪದ ಸುಮ್ನೆ ಬಳಸುವಂಥದ್ದಲ್ಲ. ಜಾಗ ಸಾಲದು ಅನ್ನುವವರಿಗೆ ನಾನು ವ್ಯಾಜ್ಯ ಅಂತ ಬರೆದು ತೋರಿಸುತ್ತೇನೆ. ಎರಡೇ ಅಕ್ಷರ.