ಘಾನಾದವರು ಜನಾಭಿಪ್ರಾಯ ಅಳೆಯುವ ರೀತಿಯಲ್ಲಿ ಹುಬ್ಬಳ್ಳಿಯ ಓಣಿಗಳನ್ನು ಕೇಳುವುದು ಹೇಗೆ

ಚನ್ನಮ್ಮ ವೃತ್ತದಲ್ಲಿ ನಿಂತು ನೂರು ಜನರನ್ನು ಕೇಳಿ, ‘ಶೇ 70ರಷ್ಟು ಮಂದಿ ಸರ್ಕಾರದ ಕೆಲಸ ಮೆಚ್ಚಿದ್ದಾರೆ’ ಎಂದು ಬರೆಯುವ ಸಮೀಕ್ಷೆಗಳಿಗೆ ನಮ್ಮಲ್ಲಿ ಬರವಿಲ್ಲ. ಅದು ಅಂದು ಆ ವೃತ್ತಕ್ಕೆ ಬಂದವರ, ಬಂದವರಲ್ಲೂ ನಿಲ್ಲಲು ಪುರುಸೊತ್ತಿದ್ದವರ ಮಾತು. ಮನೆಯಲ್ಲಿ ನೀರಿಗಾಗಿ ಕಾಯುತ್ತ ಕೂತ ಹೆಣ್ಣುಮಗಳು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಅಮರಗೋಳದ ಎಪಿಎಂಸಿಯಲ್ಲಿ ಯಾವ ವ್ಯಾಪಾರಿಯೂ ಚೀಲದ ಬಾಯಲ್ಲಿ ಕಂಡ ಕಾಳಿಗೆ ಧಾರಣೆ ಹೇಳುವುದಿಲ್ಲ. ಒಳಗಿನ ಕಾಳು ತೆಗೆದು ಅಂಗೈ ಮೇಲೆ ಹರವಿ ನೋಡುತ್ತಾನೆ. ಜನರನ್ನು ಕೇಳುವಾಗಲೂ ಅಷ್ಟು ಎಚ್ಚರ ಬೇಕು.

ಆಫ್ರಿಕಾದಲ್ಲಿ ಈ ಕೆಲಸವನ್ನು 1999ರಿಂದ ಅಚ್ಚುಕಟ್ಟಾಗಿ ಮಾಡಿಕೊಂಡು ಬಂದಿರುವ ಸಂಸ್ಥೆ ಆಫ್ರೋಬ್ಯಾರೋಮೀಟರ್. ಕೇಂದ್ರ ಕಚೇರಿ ಘಾನಾದ ರಾಜಧಾನಿ ಅಕ್ರಾದಲ್ಲಿದೆ. 2021ರ ಜನಗಣತಿಯಂತೆ ಘಾನಾದ ಜನಸಂಖ್ಯೆ ಸುಮಾರು 3.08 ಕೋಟಿ. ಅಷ್ಟು ಜನರ ಅಭಿಪ್ರಾಯಕ್ಕೆ ಇವರು ಮಾತಾಡಿಸುವುದು 2,400 ವಯಸ್ಕರನ್ನು, ಮನೆಬಾಗಿಲಿಗೆ ಹೋಗಿ, ಅವರವರ ಭಾಷೆಯಲ್ಲಿ. ಫಲಿತಾಂಶ ಸುಮಾರು ಶೇ 2ರಷ್ಟು ಮೇಲೆ ಕೆಳಗೆ ಆಗಬಹುದು. ಕೆಲವು ದೇಶಗಳಲ್ಲಿ 1,200 ಜನರಿಗೇ ನಿಲ್ಲಿಸುತ್ತಾರೆ. ಆಗ ಏರುಪೇರು ಶೇ 2.8. ಇವರ ರೀತಿಯನ್ನೇ ಹುಬ್ಬಳ್ಳಿ–ಧಾರವಾಡಕ್ಕೆ ಇಳಿಸಿಕೊಳ್ಳುವ ಕ್ರಮ ಮುಂದಿದೆ. ಗದಗ–ಬೆಟಗೇರಿಗೋ ಹಾವೇರಿ ಜಿಲ್ಲೆಗೋ ಮಾಡುವುದಾದರೂ ಬದಲಾಗುವುದು ಸ್ವಲ್ಪ.

ಎಷ್ಟು ಜನ ಬೇಕು

ಬಹಳಷ್ಟು ಮಂದಿ ಇಲ್ಲೇ ಎಡವುತ್ತಾರೆ. ಊರು ಚಿಕ್ಕದಾದರೆ ಕಡಿಮೆ ಜನರನ್ನು ಕೇಳಿದರೆ ಸಾಕು ಎಂಬುದು ತಪ್ಪು ಲೆಕ್ಕ. ಮೂರು ಕೋಟಿಯ ಘಾನಾಕ್ಕೂ 2011ರಲ್ಲಿ 9.43 ಲಕ್ಷ ಜನರಿದ್ದ ಅವಳಿನಗರಕ್ಕೂ ಅಷ್ಟೇ ನಿಖರತೆ ಬೇಕೆಂದರೆ ಹೆಚ್ಚುಕಡಿಮೆ ಅಷ್ಟೇ ಜನರನ್ನು ಕೇಳಬೇಕು. ಬಾಯಿಲೆಕ್ಕದ ಸೂತ್ರ ಇದು: 100ನ್ನು ಜನರ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ. 100 ಜನರಾದರೆ ಏರುಪೇರು ಶೇ 10, 400ಕ್ಕೆ ಶೇ 5, 1,200ಕ್ಕೆ ಶೇ 3ರೊಳಗೆ. ಒಂದೇ ಓಣಿಯಲ್ಲಿ ಹಲವರನ್ನು ಕೇಳುವುದರಿಂದ ಉತ್ತರಗಳು ಒಂದರಂತೆ ಒಂದು ಇರುತ್ತವೆ (ಒಂದೇ ಪೈಪಿನ ನೀರು ಕುಡಿಯುವವರು ತಾನೆ), ಹಾಗಾಗಿ 400 ಜನರ ಸಮೀಕ್ಷೆಗೆ ಶೇ 6 ಎಂದು ಇಟ್ಟುಕೊಳ್ಳುವುದು ಕ್ಷೇಮ. ಕಾಲೇಜಿನ ಪ್ರಬಂಧಕ್ಕೆ, ಓಣಿಯ ಸಂಘದ ಮನವಿಗೆ 400 ಸಾಕು. 82 ವಾರ್ಡುಗಳ ಅಂಕಪಟ್ಟಿಯನ್ನು ಬೇರೆ ಬೇರೆ ಕೊಡುತ್ತೇವೆ ಎನ್ನುವ ಆಸೆ ಬೇಡ. ವಾರ್ಡಿಗೆ ಐದು ಜನರೂ ಬರುವುದಿಲ್ಲ.

ಓಣಿ ಆರಿಸುವುದು

ಆಫ್ರೋಬ್ಯಾರೋಮೀಟರ್ ಜನಗಣತಿಯ ಗಣತಿ ಪ್ರದೇಶಗಳ ಪಟ್ಟಿಯಿಂದ ಚೀಟಿ ಎತ್ತುತ್ತದೆ, ಪ್ರತಿ ಪ್ರದೇಶದಲ್ಲಿ 8 ಸಂದರ್ಶನ. ನಮಗೆ ಆ ಪಟ್ಟಿ ಕೈಗೆ ಸಿಗುವುದು ಕಷ್ಟ. ಬದಲಿಗೆ ಮತದಾರರ ಪಟ್ಟಿಯ ಭಾಗಗಳನ್ನು, ಅಂದರೆ ಒಂದೊಂದು ಮತಗಟ್ಟೆಗೆ ಸೇರಿದ ಪ್ರದೇಶವನ್ನು ಬಳಸಬಹುದು; ಭಾಗವಾರು ಪಟ್ಟಿ ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿದೆ. ಪಾಲಿಕೆ ವ್ಯಾಪ್ತಿಯ ಭಾಗಗಳನ್ನೆಲ್ಲ ಕ್ಷೇತ್ರದ ಕ್ರಮದಲ್ಲಿ, ಪೂರ್ವ, ಕೇಂದ್ರ, ಪಶ್ಚಿಮ ಎಂದು, ಭಾಗ ಸಂಖ್ಯೆ ಹಿಡಿದು ಒಂದರ ಕೆಳಗೊಂದು ಬರೆಯಿರಿ. ಪಕ್ಕದಲ್ಲಿ ಮತದಾರರ ಸಂಖ್ಯೆ, ಅದರ ಪಕ್ಕದಲ್ಲಿ ಮೇಲಿನಿಂದ ಕೂಡುತ್ತ ಬಂದ ಮೊತ್ತ.

ಉದಾಹರಣೆಗೆ ಒಟ್ಟು ಮೊತ್ತ 7,60,000 ಬಂತೆನ್ನಿ. 400 ಜನರಿಗೆ ಭಾಗಕ್ಕೆ 8ರಂತೆ 50 ಭಾಗ ಬೇಕು. 7,60,000ನ್ನು 50ರಿಂದ ಭಾಗಿಸಿದರೆ 15,200. ಒಂದರಿಂದ 15,200ರೊಳಗೆ ಒಂದು ಸಂಖ್ಯೆಯನ್ನು ಚೀಟಿ ಎತ್ತಿ, 4,310 ಬಂತೆಂದುಕೊಳ್ಳಿ. ಕೂಡಿದ ಮೊತ್ತದಲ್ಲಿ 4,310 ಯಾವ ಭಾಗದಲ್ಲಿ ಬೀಳುತ್ತದೋ ಅದು ಮೊದಲನೆಯದು. ಮುಂದಿನದು 19,510, ಆಮೇಲೆ 34,710, ಹೀಗೆ 15,200 ಕೂಡುತ್ತ ಹೋಗಿ. ಹೆಚ್ಚು ಮತದಾರರಿರುವ ಭಾಗಕ್ಕೆ ಸಿಕ್ಕಿಬೀಳುವ ಅವಕಾಶ ಹೆಚ್ಚು, ಪ್ರತಿ ಭಾಗದಲ್ಲೂ ಕೇಳುವವರು 8. ಎರಡೂ ಸೇರಿ ಯಾವ ಭಾಗದ ಜನರಿಗೂ ಹೆಚ್ಚು ಕಡಿಮೆ ಆಗುವುದಿಲ್ಲ. ಕ್ರಮವಾಗಿ ಬರೆದಿದ್ದರಿಂದ ಹಳೇಹುಬ್ಬಳ್ಳಿ, ಕೇಶ್ವಾಪುರ, ನವನಗರ, ಮಾಳಮಡ್ಡಿ ಕಡೆಗಳೆಲ್ಲ ತಾವಾಗಿಯೇ ತಮ್ಮ ಪಾಲಿನಷ್ಟು ಬರುತ್ತವೆ. ಹಾವೇರಿ ಜಿಲ್ಲೆಗಾದರೆ ಪಟ್ಟಿಯನ್ನು ತಾಲೂಕಿನ ಕ್ರಮದಲ್ಲಿ, ಪಟ್ಟಣ ಬೇರೆ ಹಳ್ಳಿ ಬೇರೆ ಮಾಡಿ ಬರೆಯಿರಿ.

ಪಟ್ಟಿಯ ಕೆಲಸ ಅಲ್ಲಿಗೆ ಮುಗಿಯಿತು. ಅದರಲ್ಲಿನ ಹೆಸರು ಹಿಡಿದು ಹುಡುಕಿಕೊಂಡು ಹೋಗಬೇಡಿ. ತೀರಿಹೋದವರು, ಮನೆ ಬಿಟ್ಟು ಹೋದವರು ಅದರಲ್ಲಿ ಇರುತ್ತಾರೆ. ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆಗಿರುವ ಹುಡುಗರು ಇರುವುದಿಲ್ಲ.

ಮನೆ ಹತ್ತುವುದು

ಪ್ರತಿ ಭಾಗದ ನಕ್ಷೆಯ ಮೇಲೆ ಚೌಕ ಎಳೆದು, ಚೌಕಕ್ಕೆ ನಂಬರು ಕೊಟ್ಟು, ಚೀಟಿ ಎತ್ತಿ ಶುರುಮಾಡುವ ಜಾಗ ಗೊತ್ತುಮಾಡಿ. ಗುಡಿ, ಮಸೀದಿ, ಸರ್ಕಲ್‌ನಿಂದ ಶುರುಮಾಡುವ ಚಟ ಎಲ್ಲರಿಗೂ ಇದೆ; ಹಾಗೆ ಮಾಡಿದರೆ ಡಾಂಬರು ರಸ್ತೆಯ ಮೇಲಿನ ಮನೆಗಳೇ ಬಂದು, ಒಳಓಣಿಯ ಗಟಾರು ನಿಮ್ಮ ವರದಿಯಿಂದ ಮಾಯವಾಗುತ್ತದೆ. ಆಫ್ರೋಬ್ಯಾರೋಮೀಟರ್‌ನ ನಿಯಮ ಸರಳ: ಎಡಬಲ ಎರಡೂ ಬದಿಯ ಮನೆ ಎಣಿಸುತ್ತ ನಡೆಯಿರಿ, ಮೊದಲ ಸಂದರ್ಶನ ಐದನೇ ಮನೆಯಲ್ಲಿ, ಅದಾದ ಮೇಲೆ ಮುಂದಿನ ಹತ್ತನೇ ಮನೆಯಲ್ಲಿ. ಬಾಗಿಲು ಹಾಕಿದ್ದರೆ, ಬೇಡ ಅಂದರೆ, ಮತ್ತೆ ಹತ್ತು ಎಣಿಸಿ. ಪಕ್ಕದ ಮನೆಯವರು ‘ಬರ್ರಿ, ನಮ್ಮನ್ ಕೇಳ್ರಿ’ ಎಂದು ಕರೆದರೆ ನಮಸ್ಕಾರ ಹೇಳಿ ಮುಂದೆ ಹೋಗಬೇಕು. ತಾವೇ ಕರೆಯುವವರಿಗೆ ಹೇಳಲು ಏನೋ ಇರುತ್ತದೆ. ಇಡೀ ಓಣಿಗೆ ಅದೇ ಇರಬೇಕೆಂದಿಲ್ಲ.

ಚಾಳ, ಅಂದರೆ ಒಂದಕ್ಕೊಂದು ಅಂಟಿದ ಸಾಲುಮನೆ, ಬಂದರೆ ಲೆಕ್ಕ ತಪ್ಪುತ್ತದೆ. ಒಂದೇ ಗಡಿಗೆಯಲ್ಲಿ ಉಣ್ಣುವವರು ಒಂದು ಮನೆ ಎಂಬುದೇ ಆಫ್ರಿಕಾದಲ್ಲೂ ಬಳಸುವ ವ್ಯಾಖ್ಯೆ. ಒಲೆ ಬೇರೆಯಾದರೆ ಮನೆ ಬೇರೆ. ಅಣ್ಣತಮ್ಮಂದಿರು ಒಂದೇ ಅಂಗಳದಲ್ಲಿದ್ದರೂ ಸರಿ. ಹಾಸ್ಟೆಲು, ಆಸ್ಪತ್ರೆ, ಜೈಲು ಬಿಟ್ಟುಬಿಡಿ.

ಈಗ ಮನೆಯೊಳಗೆ ಯಾರನ್ನು ಕೇಳುವುದು? ಇದನ್ನು ಸಡಿಲ ಬಿಟ್ಟರೆ ಉಳಿದದ್ದೆಲ್ಲ ಸರಿ ಮಾಡಿಯೂ ಪ್ರಯೋಜನವಿಲ್ಲ. ಒಂದು ಮನೆಯಲ್ಲಿ ಗಂಡಸು, ಮುಂದಿನದರಲ್ಲಿ ಹೆಂಗಸು. ಹೆಂಗಸಿನ ಸರದಿ ಎಂದರೆ ಆ ಮನೆಯ 18 ದಾಟಿದ ಹೆಣ್ಣುಮಕ್ಕಳ ಹೆಸರನ್ನೆಲ್ಲ, ಹೊಲಕ್ಕೆ ಹೋದವರದ್ದೂ ಸೇರಿಸಿ, ಬರೆದು ನಂಬರು ಕೊಡಿ. ನಂಬರು ಬರೆದ ಚೀಟಿಗಳನ್ನು ಮಗುಚಿ ಹಿಡಿದು ಬಾಗಿಲಲ್ಲಿ ನಿಂತವರಿಂದಲೇ ಒಂದು ಎತ್ತಿಸಿ. ಅಜ್ಜಿಯ ನಂಬರು ಬಂತು. ಅಜ್ಜಿ ‘ನನಗೇನ್ ತಿಳಿತೈತ್ರಿ, ಸೊಸೀನ್ ಕೇಳ್ರಿ’ ಅನ್ನುತ್ತಾರೆ. ಮಗ ‘ಏನಿದ್ರೂ ನನ್ನ ಕೇಳ್ರಿ ಸರ’ ಎಂದು ಕುರ್ಚಿ ಎಳೆದುಕೊಂಡು ಕೂಡುತ್ತಾನೆ. ಇಬ್ಬರಿಗೂ ಉತ್ತರ ಒಂದೇ: ‘ಚೀಟಿ ಅಮ್ಮಾರ ಹೆಸರಿಗೆ ಬಂದೈತ್ರಿ, ಅವರಿಗೆ ತಿಳಿದಷ್ಟ ಸಾಕು.’ ಅಜ್ಜಿ ಸಂತೆಗೆ ಹೋಗಿದ್ದರೆ ಸಂಜೆ ಮತ್ತೊಮ್ಮೆ ಬನ್ನಿ. ಆಗಲೂ ಸಿಗದಿದ್ದರೆ ಮನೆ ಬದಲಿಸಿ, ಅದೇ ಮನೆಯಲ್ಲಿ ಆಳು ಬದಲಿಸಬೇಡಿ. ಹಾವೇರಿ, ಗದಗದ ಹಳ್ಳಿಗಳಲ್ಲಿ ಬಿತ್ತನೆ ಕಾಲಕ್ಕೆ ಹಗಲು ಹೋದರೆ ಮುದುಕರು ಮಾತ್ರ ಸಿಗುತ್ತಾರೆ. ಬೆಳಿಗ್ಗೆ ಒಂಬತ್ತರೊಳಗೆ ಇಲ್ಲವೇ ಆರರ ಮೇಲೆ ಹೋಗಿ.

ಪ್ರಶ್ನೆ

ಆಫ್ರೋಬ್ಯಾರೋಮೀಟರ್ ‘ಸರ್ಕಾರ ಹೇಗಿದೆ’ ಎಂದು ಸಾರಾಸಗಟಾಗಿ ಕೇಳಿ ಬಿಡುವುದಿಲ್ಲ. ಆರ್ಥಿಕತೆ, ಉದ್ಯೋಗ, ಬೆಲೆ, ಆರೋಗ್ಯ, ಶಿಕ್ಷಣ, ರಸ್ತೆ, ವಿದ್ಯುತ್ತು, ಭ್ರಷ್ಟಾಚಾರ ಒಂದೊಂದನ್ನೂ ಬಿಡಿಸಿ, ಸರ್ಕಾರ ಅದನ್ನು ಎಷ್ಟು ಚೆನ್ನಾಗಿ ಅಥವಾ ಕೆಟ್ಟದಾಗಿ ನಿಭಾಯಿಸುತ್ತಿದೆ ಎಂದು ಕೇಳುತ್ತದೆ. ಉತ್ತರ ನಾಲ್ಕು, ನಡುವಿನದು ಇಲ್ಲ. ಗೊತ್ತಿಲ್ಲ ಎನ್ನುವವರಿಗೆ ಬೇರೆ ಖಾನೆ. ಕಾರಣ ಘಾನಾವನ್ನೇ ನೋಡಿ. 2017ರಲ್ಲಿ ಹಿರಿಯ ಪ್ರೌಢಶಾಲೆಯ ಶಿಕ್ಷಣ ಉಚಿತ ಮಾಡಿದ ಸರ್ಕಾರವೇ 2022ರ ಮೇನಲ್ಲಿ ಮೊಬೈಲ್ ಹಣ ವರ್ಗಾವಣೆಗೆ ಶೇ 1.5 ತೆರಿಗೆ ಹಾಕಿತು. ಆ ವರ್ಷದ ಡಿಸೆಂಬರಿನಲ್ಲಿ ಹಣದುಬ್ಬರ ಶೇ 54 ಮುಟ್ಟಿತ್ತು. ಮಗನ ಫೀಸು ಉಳಿದ ತಾಯಿ ಶಿಕ್ಷಣಕ್ಕೆ ಒಂದು ಉತ್ತರ ಕೊಟ್ಟು ಬೆಲೆಗೆ ಇನ್ನೊಂದು ಕೊಟ್ಟರೆ ಅದರಲ್ಲಿ ವಿರೋಧವೇನಿಲ್ಲ. ಒಂದೇ ಪ್ರಶ್ನೆ ಕೇಳಿದರೆ ಎರಡೂ ಕಲಸಿಹೋಗುತ್ತವೆ.

ನಮ್ಮಲ್ಲಿ ‘ಗ್ಯಾರಂಟಿ ಯೋಜನೆಗಳು ಹೇಗಿವೆ’ ಎಂಬುದು ಅಂಥದ್ದೇ ಪ್ರಶ್ನೆ. ಗೃಹಲಕ್ಷ್ಮಿ, ಶಕ್ತಿ, ಅನ್ನಭಾಗ್ಯ, ಗೃಹಜ್ಯೋತಿ, ಯುವನಿಧಿ ಐದಕ್ಕೂ ಐದು ಪ್ರಶ್ನೆ ಬೇಕು; ಪ್ರತಿಯೊಂದಕ್ಕೂ ಮೊದಲು ‘ನಿಮ್ಮ ಮನೆಗೆ ಬರುತ್ತದೆಯೇ’ ಎಂದು ಕೇಳಬೇಕು. ಆಫ್ರೋಬ್ಯಾರೋಮೀಟರ್ ಕೂಡ ನೀರನ್ನೂ ನೈರ್ಮಲ್ಯವನ್ನೂ ಒಂದೇ ಪ್ರಶ್ನೆಯಲ್ಲಿ ಕಟ್ಟುತ್ತದೆ. ಅದನ್ನು ಮಾತ್ರ ಅನುಸರಿಸಬೇಡಿ. ಅವಳಿನಗರದಲ್ಲಿ ನಳ ಬೇರೆ, ಗಟಾರು ಬೇರೆ, ಬೈಗುಳವೂ ಬೇರೆ ಬೇರೆ.

‘ಸರ್ಕಾರ’ ಎಂಬ ಮಾತೇ ಜಾರುವಂಥದ್ದು. ಕೇಂದ್ರ, ರಾಜ್ಯ, ಪಾಲಿಕೆ ಎಲ್ಲವೂ ಜನರ ಬಾಯಲ್ಲಿ ಸರ್ಕಾರವೇ. ಕೆಲಸದಿಂದ ಶುರುಮಾಡಿ, ಹೊಣೆ ಯಾರದೆಂದು ಆಮೇಲೆ ಕೇಳಿ. ಮೊದಲು ಅಳೆಯಬಹುದಾದ ಸಂಗತಿ, ಹಿಂದೆಯೇ ಅಭಿಪ್ರಾಯ:

‘ನಳದಾಗ ನೀರ ಎಷ್ಟ ದಿನಕ್ಕೊಮ್ಮೆ ಬರ್ತಾವ್ರಿ? ಬಂದಾಗ ಎಷ್ಟ ತಾಸ ಇರ್ತಾವು? ಈ ನೀರಿನ ಕೆಲಸ ಹೆಂಗ ನಡಸ್ಯಾರ ಅಂತೀರಿ: ಭಾಳ ಚಲೋ, ತಕ್ಕಮಟ್ಟಿಗೆ ಚಲೋ, ಸ್ವಲ್ಪ ಕೆಟ್ಟ, ಭಾಳ ಕೆಟ್ಟ? ಇದಕ್ಕ ಹೊಣಿ ಯಾರದು?’

ಇದಕ್ಕೆ ಬರುವ ಉತ್ತರ ಈ ನಾಲ್ಕರಲ್ಲಿ ಇರುವುದಿಲ್ಲ. ‘ಅಡ್ಡಿಯಿಲ್ರಿ’ ಎಂದು ಬರುತ್ತದೆ. ಅಡ್ಡಿಯಿಲ್ಲ ಎಂಬುದು ಮೆಚ್ಚುಗೆಯೂ ಹೌದು, ಸಹಿಸಿಕೊಂಡಿದ್ದೇವೆ ಎಂಬುದೂ ಹೌದು, ನೀವು ಬೇಗ ಹೋದರೆ ಸಾಕು ಎಂಬುದೂ ಹೌದು. ‘ನಡದೈತ್ರಿ’ಗೂ ಅದೇ ಗತಿ. ಸಂದರ್ಶಕರು ತಮಗೆ ತೋಚಿದ ಖಾನೆಗೆ ಗುರುತು ಹಾಕಿದರೆ ಒಬ್ಬರ ‘ಅಡ್ಡಿಯಿಲ್ಲ’ ಚಲೋ ಆಗುತ್ತದೆ, ಇನ್ನೊಬ್ಬರದು ಕೆಟ್ಟ ಆಗುತ್ತದೆ. ‘ಅಡ್ಡಿಯಿಲ್ಲ ಅಂದ್ರ ಚಲೋ ಕಡೇನೋ ಕೆಟ್ಟ ಕಡೇನೋ’ ಎಂದು ಒಂದೇ ಸಲ, ಎಲ್ಲರಿಗೂ ಒಂದೇ ಮಾತಿನಲ್ಲಿ ಮರಳಿ ಕೇಳಬೇಕು. ಆಗಲೂ ನಿರ್ಧಾರವಾಗದಿದ್ದರೆ ‘ಹೇಳಲಾಗದು’. ಈ ವಾಕ್ಯವನ್ನು ನಮೂನೆಯಲ್ಲಿಯೇ ಅಚ್ಚು ಹಾಕಿ. ಉರ್ದು ನಮೂನೆ ಮಾಡಿದಾಗ ಅದನ್ನು ನೋಡದ ಇನ್ನೊಬ್ಬರಿಂದ ಮರಳಿ ಕನ್ನಡಕ್ಕೆ ತರಿಸಿ ತಾಳೆ ನೋಡಿ. ‘ತಕ್ಕಮಟ್ಟಿಗೆ’ ಎಂಬುದು ದಾರಿಯಲ್ಲಿ ಕಳೆದುಹೋಗುವ ಪದ.

ಒಟ್ಟು 25 ಪ್ರಶ್ನೆ, 20 ನಿಮಿಷ ದಾಟಬಾರದು. ಕೊನೆಯ ಪ್ರಶ್ನೆಯನ್ನು ಅಕ್ರಾದವರಿಂದ ಹಾಗೆಯೇ ಎತ್ತಿಕೊಳ್ಳಿ: ‘ನಮ್ಮನ್ನು ಇಲ್ಲಿಗೆ ಯಾರು ಕಳಿಸಿರಬಹುದು ಅನಿಸುತ್ತದೆ?’ ಮೊದಲೇ ಹೇಳಿದ್ದರೂ ಹಲವರು ಸರ್ಕಾರ ಎನ್ನುತ್ತಾರೆ. ಹಾಗೆ ತಿಳಿದವರ ಉತ್ತರ ಸರ್ಕಾರದ ಕಡೆ ಮೆದುವಾಗಿರುವುದನ್ನು ಆಫ್ರಿಕಾದ ದತ್ತಾಂಶದಲ್ಲೇ ಸಂಶೋಧಕರು ತೋರಿಸಿದ್ದಾರೆ. ಇಲ್ಲಿ ಇನ್ನೊಂದು ಭಯವೂ ಇದೆ: ರೇಷನ್ ಕಾರ್ಡು ರದ್ದು ಮಾಡಲು ಬಂದವರೋ ಎಂದು. ಪಾಲಿಕೆ ಸದಸ್ಯರ ಕಡೆಯ ಹುಡುಗನನ್ನು ದಾರಿ ತೋರಿಸಲು ಕರೆದುಕೊಂಡು ಹೋದರಂತೂ ಆ ಓಣಿಯ ಎಂಟೂ ನಮೂನೆ ಕಸದ ಬುಟ್ಟಿಗೆ. ಮಾತಿನ ನಡುವೆ ಅತ್ತೆಯೋ ಗಂಡನೋ ನೆರೆಯವರೋ ಹತ್ತಿರ ಕೂತಿದ್ದರೆ ಅದನ್ನೂ ಗುರುತು ಹಾಕಿ. ಉತ್ತರದ ಜತೆ ಹೆಸರು, ಫೋನ್ ನಂಬರು ಇಡಬೇಡಿ. ಮರುತಪಾಸಣೆಗೆ ಬೇಕಾದ ವಿಳಾಸ ಬೇರೆ ಹಾಳೆಯಲ್ಲಿರಲಿ, ಕೆಲಸ ಮುಗಿದಮೇಲೆ ಹರಿದುಹಾಕಿ.

ತಂಡ, ದಿನ, ತಪಾಸಣೆ

ನಾಲ್ವರು ಸಂದರ್ಶಕರು, ಒಬ್ಬ ಮೇಲ್ವಿಚಾರಕ, ಅರ್ಧ ಹೆಣ್ಣುಮಕ್ಕಳಿರಲಿ. ದಿನಕ್ಕೆ ಎರಡು ಭಾಗ, 16 ಸಂದರ್ಶನ, 25 ದಿನ. ಮೇಲ್ವಿಚಾರಕರು ಸುಮ್ಮನೆ ನಿಲ್ಲದೆ ಪ್ರತಿ ಭಾಗದಲ್ಲಿ ಶಾಲೆ, ಆರೋಗ್ಯ ಕೇಂದ್ರ, ನಳ, ಒಳಚರಂಡಿ, ಬೀದಿದೀಪ ಇದೆಯೇ ಎಂದು ಕಣ್ಣಾರೆ ನೋಡಿ ಬರೆಯಬೇಕು. ಆಫ್ರೋಬ್ಯಾರೋಮೀಟರ್ ತಂಡಗಳೂ ಹೀಗೆ ಮಾಡುತ್ತವೆ. ಅಭಿಪ್ರಾಯವನ್ನು ಆಮೇಲೆ ಇದರ ಪಕ್ಕದಲ್ಲಿಟ್ಟು ನೋಡಬಹುದು. ಹತ್ತರಲ್ಲಿ ಒಂದು ಮನೆಗೆ ಮರುದಿನ ಹೋಗಿ, ಯಾರನ್ನು ಕೇಳಿದರು, ಚೀಟಿ ಎತ್ತಿಸಿದರೇ ಎಂದಷ್ಟೇ ವಿಚಾರಿಸಿ. ಮೊಬೈಲಿನಲ್ಲಿ ಕೋಬೋ ಟೂಲ್‌ಬಾಕ್ಸ್ ಎಂಬ ಸಮೀಕ್ಷೆಯ ತಂತ್ರಾಂಶ ಬಳಸಿದರೆ ಕನ್ನಡ ನಮೂನೆ ಇಂಟರ್ನೆಟ್ ಇಲ್ಲದೆಯೂ ತುಂಬಬಹುದು, ಸಮಯ ತಾನಾಗಿ ದಾಖಲಾಗುತ್ತದೆ. ಆರು ನಿಮಿಷದಲ್ಲಿ ಮುಗಿದ ಸಂದರ್ಶನಗಳನ್ನು ಕಟ್ಟೆ ಮೇಲೆ ಕೂತು ತುಂಬಿರುತ್ತಾರೆ.

ಗೃಹಲಕ್ಷ್ಮಿ ಕಂತು ಜಮೆಯಾದ ವಾರ ಒಂದು ಉತ್ತರ, ತಡವಾದ ತಿಂಗಳು ಇನ್ನೊಂದು. ಆದ್ದರಿಂದ ಪ್ರತಿ ನಮೂನೆಯ ಮೇಲೂ ತಾರೀಖು ಬೇಕು. ಚುನಾವಣೆ, ಬಜೆಟ್ಟಿನ ಆಚೀಚೆ ಕೆಲಸ ಹರಡಿಕೊಳ್ಳಬೇಡಿ.

ಲೆಕ್ಕ ಹಾಕುವಾಗ

ಭಾಳ ಚಲೋ, ತಕ್ಕಮಟ್ಟಿಗೆ ಚಲೋ ಎರಡನ್ನೂ ಕೂಡಿಸಿ ಒಂದು ಅಂಕಿ, ಕೆಟ್ಟ ಎರಡನ್ನು ಕೂಡಿಸಿ ಇನ್ನೊಂದು, ಗೊತ್ತಿಲ್ಲ ಬೇರೆ. ಗೊತ್ತಿಲ್ಲ ಎಂದವರನ್ನು ಒಟ್ಟಿನಿಂದ ಕಳೆದರೆ ಅಂಕಿ ಉಬ್ಬುತ್ತದೆ. 400ರಲ್ಲಿ 180 ಚಲೋ, 120 ಕೆಟ್ಟ, 100 ಗೊತ್ತಿಲ್ಲ ಎಂದಿದ್ದರೆ ಚಲೋ ಶೇ 45. ನೂರನ್ನು ಬಿಟ್ಟು ಲೆಕ್ಕ ಹಾಕಿದರೆ ಅದೇ ಶೇ 60 ಆಗಿ ಪತ್ರಿಕೆಯ ತಲೆಬರಹಕ್ಕೆ ಏರುತ್ತದೆ. ಹೋದ ವರ್ಷ ಶೇ 49, ಈ ವರ್ಷ ಶೇ 54 ಬಂದರೆ ‘ಏರಿಕೆ’ ಎನ್ನಬೇಡಿ, ಆ ಐದು ಏರುಪೇರಿನ ಒಳಗೇ ಇದೆ. ಹೆಂಗಸರದ್ದೇ ಬೇರೆ ತೆಗೆದರೆ 200 ಜನರಷ್ಟೇ ಉಳಿಯುತ್ತಾರೆ, ಏರುಪೇರು ಶೇ 7 ದಾಟುತ್ತದೆ. ಧಾರವಾಡದ ಹೆಂಗಸರದ್ದು ಮಾತ್ರ ಎಂದು ಇಳಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ವರದಿಯ ಮೊದಲ ಪುಟದಲ್ಲೇ ಇಷ್ಟು ಬರೆಯಿರಿ: ಎಷ್ಟು ಮನೆ ಹತ್ತಿದಿರಿ, ಎಷ್ಟು ಮಂದಿ ಬೇಡವೆಂದರು, ಎಷ್ಟು ಬಾಗಿಲು ಮುಚ್ಚಿದ್ದವು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಏರುಪೇರು ಎಷ್ಟು, ಖರ್ಚು ಯಾರದು. ಪ್ರಶ್ನೆಗಳನ್ನು ಕೇಳಿದ ಮಾತಿನಲ್ಲೇ, ‘ಅಡ್ಡಿಯಿಲ್ಲ’ಕ್ಕೆ ಮರಳಿ ಕೇಳಿದ ವಾಕ್ಯವೂ ಸೇರಿದಂತೆ, ಕೊನೆಯ ಪುಟದಲ್ಲಿ ಅಚ್ಚು ಹಾಕಿ.