ದಿಢೀರ್ ರಜೆ ಸಿಕ್ಕರೆ ಸಾಗರದ ರೈಲು ಹತ್ತಿ

ಬ್ಯಾಂಕಿನ ಹೂಡಿಕೆ ವ್ಯವಹಾರ ನೋಡುವ ಟ್ರೆಷರಿಯಂಥ ಸೂಕ್ಷ್ಮ ಜಾಗದಲ್ಲಿ ಕೂರುವ ನಮ್ಮಂಥ ಬ್ಯಾಂಕ್ ನೌಕರರಿಗೆ ವರ್ಷಕ್ಕೊಮ್ಮೆ ಕಡ್ಡಾಯ ರಜೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2021ರಲ್ಲಿ ಸುತ್ತೋಲೆ ಹೊರಡಿಸಿದೆ. ಒಟ್ಟಿಗೆ ಕನಿಷ್ಠ 10 ಕೆಲಸದ ದಿನ, ಅದೂ ಮುಂಚೆ ಹೇಳದೆ. ನಮ್ಮ ಸುಸ್ತು ನೋಡಿ ಕೊಡೋದಲ್ಲ, ನಾವಿಲ್ಲದಾಗ ಏನಾದರೂ ಮೋಸ ಹೊರಬೀಳುತ್ತಾ ಅಂತ ನೋಡೋಕೆ! ಆದರೂ ಅದರಲ್ಲಿ ಒಂದು ಒಳ್ಳೆ ನಿಯಮ ಇದೆ. ಎಲ್ಲರಿಗೂ ಇರುವ ಕಚೇರಿ ಇಮೇಲ್ ಬಿಟ್ಟರೆ ಕೆಲಸದ ಯಾವ ಸಿಸ್ಟಮ್ಮೂ ಆ ದಿನಗಳಲ್ಲಿ ನಮಗೆ ತೆರೆಯುವಂತಿಲ್ಲ. ನಾನು ಆ ಇಮೇಲನ್ನೂ ಫೋನಿನಿಂದ ತೆಗೆದುಬಿಡುತ್ತೇನೆ.

ನೀವು ಬ್ಯಾಂಕಿನವರಲ್ಲದಿದ್ದರೆ ಈ ಬೀಗ ನೀವೇ ಹಾಕಿಕೊಳ್ಳಬೇಕು. 'ಅರ್ಜೆಂಟ್ ಇದ್ದರೆ ಫೋನ್ ಮಾಡಿ' ಅಂತ ಮಾತ್ರ ಹೇಳಬೇಡಿ. ಹಾಗಂದರೆ ಎಲ್ಲವೂ ಅರ್ಜೆಂಟೇ. ಯಾವ ಕೆಲಸಕ್ಕೆ ಯಾರನ್ನು ಕೇಳಬೇಕು ಅಂತ ಹೆಸರು ಬರೆದಿಟ್ಟು ಹೊರಡಿ.

ದಿಢೀರ್ ಹೊರಡುವವರಿಗೆ ತತ್ಕಾಲ್ ಟಿಕೆಟ್ಟೇ ಗತಿ. ಹಿಂದಿನ ದಿನ ಬೆಳಿಗ್ಗೆ ಎಸಿಗೆ 10 ಗಂಟೆಗೆ, ಸ್ಲೀಪರ್‌ಗೆ 11ಕ್ಕೆ ಶುರುವಾಗುತ್ತದೆ. ರೈಲ್ವೆ ಟಿಕೆಟ್ ಬುಕ್ ಮಾಡುವ ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಣೆ ಮೊದಲೇ ಮಾಡಿಟ್ಟಿರಿ. ಬೆಂಗಳೂರು ಮೇಲೆ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ಹಿಡಿದರೆ ಬೆಳಿಗ್ಗೆ ಶಿವಮೊಗ್ಗ ಜಿಲ್ಲೆಯ ಸಾಗರ. ಹೋಗೋದು ಸೋಮವಾರ ರಾತ್ರಿಯಾದರೆ ಉತ್ತಮ, ವಾರಾಂತ್ಯದ ಜನ ಅಷ್ಟರಲ್ಲಿ ವಾಪಸ್ ಹೋಗಿರುತ್ತಾರೆ.

ಜೋಗಕ್ಕೆ ಹೋಗಲೇಬೇಡಿ ಅನ್ನಲ್ಲ. ಆದರೆ ಮಳೆಗಾಲದ ಶನಿವಾರ, ಭಾನುವಾರ ಅಲ್ಲಿ ನೀರಿಗಿಂತ ಸೆಲ್ಫಿ ಜಾಸ್ತಿ. ನನಗೆ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನವೇ ಇಷ್ಟ. ಕೆಳದಿ ನಾಯಕರು ಕಟ್ಟಿಸಿದ್ದು, ಪೇಟೆಯಿಂದ ಆಟೋದಲ್ಲಿ ಹೋಗುವಷ್ಟು ಹತ್ತಿರ. ವಾರದ ಮಧ್ಯೆ ಮಧ್ಯಾಹ್ನ ಹೋದರೆ ಆ ದೊಡ್ಡ ನಂದಿಯ ಪಕ್ಕ ಎಷ್ಟು ಹೊತ್ತು ಕೂತರೂ ಯಾರೂ ಏಳಿ ಅನ್ನಲ್ಲ. ಇದೊಂದು ಸಾಕು. ದಿನಕ್ಕೆ ನಾಲ್ಕು ಜಾಗ ಅಂತ ಪಟ್ಟಿ ಹಿಡಿದರೆ ಅದೂ ಟಾರ್ಗೆಟ್ಟೇ ಅಲ್ವಾ?

ಉಳಿಯಲು ಅಡಿಕೆ ತೋಟದ ಮನೆ ನೋಡಿ. ಬುಕ್ ಮಾಡುವಾಗ ಎಷ್ಟು ಕೋಣೆ ಅಂತ ಕೇಳಿ, ಮೂರ್ನಾಲ್ಕಕ್ಕಿಂತ ಜಾಸ್ತಿ ಇದ್ದರೆ ಬೇಡ. ರೈನ್ ಡಾನ್ಸ್, ಕ್ಯಾಂಪ್‌ಫೈರ್ ಅಂದರೆ ಅಲ್ಲೇ ಫೋನ್ ಇಟ್ಟುಬಿಡಿ. ಊಟ ಮನೆಯವರ ಜೊತೆಗೇನಾ ಅಂತಲೂ ಕೇಳಿ. ತಂಬುಳಿ, ಅಪ್ಪೆಹುಳಿ ಬಿಸಿ ಅನ್ನಕ್ಕೆ ಬಿದ್ದರೆ ಮಧ್ಯಾಹ್ನದ ನಿದ್ದೆಗೆ ಬೇರೆ ಏರ್ಪಾಡು ಬೇಡ. ಕೊಯ್ಲಿನ ಕಾಲದಲ್ಲಿ ಹೋದರೆ ಸಂಜೆ ಅಡಿಕೆ ಸುಲಿಯುವವರ ಪಕ್ಕ ಕೂತು ಮಾತು ಕೇಳಬಹುದು. ಸುದ್ದಿ ಚಾನೆಲ್ ನೆನಪಿಗೂ ಬರಲ್ಲ.

ರಜೆಯಲ್ಲಿ ಫೋನ್ ಮುಚ್ಚಿಡಬೇಕು ಅಂದರೂ ನಮ್ಮನೆಯವರು ಕ್ರಿಕೆಟ್ ಸ್ಕೋರ್ ಬಿಡಲಾರರು. ಅದಕ್ಕೆ ರಾತ್ರಿ ಊಟಕ್ಕೆ ಮೊದಲು ಹತ್ತು ನಿಮಿಷ ಅಂತ ಒಪ್ಪಂದ. ಪೂರ್ತಿ ನಿಲ್ಲಿಸಿ ಅಂದರೆ ಕದ್ದು ನೋಡುತ್ತಾರೆ.

ಫೋನ್ ಮುಚ್ಚಿಟ್ಟರೆ ಅದು ಮಾಡುತ್ತಿದ್ದ ಕೆಲಸಗಳಿಗೆ ಬೇರೆ ದಾರಿ ಬೇಕು. ಕೈಗಡಿಯಾರ, ಟಾರ್ಚ್, ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ನಗದು ಜಾಸ್ತಿ ಇರಲಿ, ಸಿಗ್ನಲ್ ಇಲ್ಲದ ಕಡೆ ಯುಪಿಐ ನಡೆಯಲ್ಲ. ಕರೆಂಟ್ ಬಿಲ್, ಇಎಂಐ ಹೊರಡುವ ಮೊದಲೇ ಮುಗಿಸಿ. ಉಳಿಯುವ ತೋಟದ ಮನೆಯ ಲ್ಯಾಂಡ್‌ಲೈನ್ ನಂಬರನ್ನು ಅಮ್ಮನಿಗೋ ಅಕ್ಕನಿಗೋ ಕೊಡಿ, ಆಫೀಸಿಗಲ್ಲ.

ಮಳೆಗಾಲವಾದರೆ ತೋಟಕ್ಕೆ ಇಳಿಯುವ ಮೊದಲು ಕಾಲಿಗೆ ಏನು ಹಚ್ಚಬೇಕು ಅಂತ ಮನೆಯವರನ್ನೇ ಕೇಳಿ. ಉಂಬಳ (ಜಿಗಣೆ) ಹತ್ತಿದರೆ ಕಿತ್ತೆಳೆಯಬೇಡಿ, ಉಗುರಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ ಬಿಡಿಸಿ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ. ಗಾಬರಿ ಬೇಡ, ಸೋಪಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿದರೆ ಆಯಿತು.