ಓಮ್ನಿ ಗೇರ್‌ಬಾಕ್ಸ್ ಮನೆಯಲ್ಲೇ ಬಿಚ್ಚಿ ಜೋಡಿಸುವುದು

ನಮ್ಮ ತೋಟ ಮದೆನಾಡಿನ ಹತ್ತಿರ. ಮನೆಯಿಂದ ರಸ್ತೆಗೆ ಏರಲು ಎರಡನೇ ಗೇರ್, ಮಡಿಕೇರಿಗೆ ಹತ್ತಲು ಎರಡನೇ ಗೇರ್, ಸಂಪಾಜೆ ಕಡೆಯ ತಿರುವುಗಳಲ್ಲಿ ಇಳಿಯುವಾಗಲೂ ಅದೇ. ನಮ್ಮ ಕಡೆಯ ಹಳೇ ಮಾರುತಿ ಓಮ್ನಿ ವ್ಯಾನುಗಳಲ್ಲಿ ಎರಡನೇ ಗೇರ್ ಹಾಕುವಾಗ ಕರಕರ ಅನ್ನುವುದು ಅದಕ್ಕೇ. ಓಮ್ನಿ ತಯಾರಿಕೆ 2019ರಲ್ಲಿ ನಿಂತಿತು. ಇರುವ ಗಾಡಿಯನ್ನು ನಾವೇ ಚೆನ್ನಾಗಿ ಇಟ್ಟುಕೊಳ್ಳಬೇಕು ಅಲ್ವಾ?

ಸುಮ್ನೆ ಬಿಚ್ಚಬೇಡಿ. ಮೊದಲು ಕಿವಿಗೊಟ್ಟು ಕೇಳಿ. ಎಂಜಿನ್ ಆನ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡಿ. ಗೊರಗೊರ ಸದ್ದು ಇದ್ದು, ಕ್ಲಚ್ ಒತ್ತಿದಾಗ ನಿಂತರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗ್ ಹೋಗಿದೆ. ಒತ್ತಿದಾಗಲೇ ಸದ್ದು ಶುರುವಾದರೆ ಅದು ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ನಿಂತ ಗಾಡಿಯಲ್ಲಿ ಕ್ಲಚ್ ಪೂರ್ತಿ ಒತ್ತಿ, ಸ್ವಲ್ಪ ಹೊತ್ತು ಬಿಟ್ಟು ರಿವರ್ಸ್ ಹಾಕಿದರೂ ಕರಕರ ಅಂದರೆ ಕ್ಲಚ್ ಸರಿಯಾಗಿ ಬಿಡುತ್ತಿಲ್ಲ. ಮೊದಲು ಕೇಬಲ್ ಅಡ್ಜಸ್ಟ್ ಮಾಡಿ ನೋಡಿ. ಎಷ್ಟೋ ಸಲ ಕೆಲಸ ಅಷ್ಟರಲ್ಲೇ ಮುಗಿಯುತ್ತದೆ. ಒಂದೇ ಗೇರ್ ತೊಂದರೆ ಕೊಟ್ಟರೆ ಮಾತ್ರ ಸಿಂಕ್ರೊ ರಿಂಗ್ (ಗೇರ್ ಬೀಳುವ ಮುಂಚೆ ಎರಡೂ ಭಾಗಗಳ ವೇಗ ಸರಿಹೊಂದಿಸುವ ಹಿತ್ತಾಳೆ ಬಳೆ) ಮೇಲೆ ಅನುಮಾನಪಡಿ. ಇಳಿಜಾರಿನಲ್ಲಿ ಗೇರ್ ತಾನಾಗಿ ನ್ಯೂಟ್ರಲ್‌ಗೆ ಬೀಳುತ್ತಿದ್ದರೆ ಆ ಗಾಡಿಯನ್ನು ಘಾಟಿಗೆ ಇಳಿಸಲೇಬೇಡಿ.

ಗೇರ್‌ಬಾಕ್ಸ್ ಇಳಿಸುವ ಕೆಲಸಕ್ಕೆ ಸಮತಟ್ಟಾದ ಸಿಮೆಂಟ್ ನೆಲ ಬೇಕು. ಬೇಸಿಗೆಯಾದರೆ ಕಾಫಿ ಕಣ ಸಾಕು, ಮಳೆಗಾಲದಲ್ಲಿ ಶೆಡ್. ಗಾಡಿಯನ್ನು ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿಯೋ ಕಲ್ಲು ಜೋಡಿಸಿಯೋ ಕೆಳಗೆ ನುಗ್ಗಬೇಡಿ. ಬ್ಯಾಟರಿ ನೆಗೆಟಿವ್ ತೆಗೆದು, ಗೇರ್ ಆಯಿಲ್ ಇಳಿಸಿ. ಹಿಂದಿನ ಚಕ್ರಗಳ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ಗೆ ಪೇಂಟ್‌ನಿಂದ ಗುರುತು ಹಾಕಿ ಬಿಚ್ಚಿ. ಸ್ಪೀಡೊಮೀಟರ್ ಕೇಬಲ್, ರಿವರ್ಸ್ ಲೈಟಿನ ವೈರು, ಕ್ಲಚ್ ಕೇಬಲ್, ಗೇರ್ ಲಿಂಕೇಜ್, ಸ್ಟಾರ್ಟರ್ ಮೋಟರ್ ಬೇರೆ ಮಾಡಿ. ಎಂಜಿನ್ ಹಿಂದಕ್ಕೆ ವಾಲದಂತೆ ಅದರ ಕೆಳಗೆ ಹಲಗೆ ಇಟ್ಟು ಜಾಕ್ ಕೊಡಿ. ಗೇರ್‌ಬಾಕ್ಸ್ ಇಳಿಸುವಾಗ ಇಬ್ಬರು ಇರಲೇಬೇಕು.

ಕೇಸ್ ತೆರೆಯುವ ಮುಂಚೆ ಹೊರಗಿನ ಕೆಸರೆಲ್ಲ ಡೀಸೆಲ್ ಹಾಕಿ ತೊಳೆಯಿರಿ. ಗೇರ್ ಬದಲಿಸುವ ಸೆಲೆಕ್ಟರ್ ರಾಡ್ ಎಳೆಯುವಾಗ ಮೇಲೆ ಬಟ್ಟೆ ಹಿಡಿಯಿರಿ. ಸ್ಪ್ರಿಂಗ್ ಜೊತೆ ಉಕ್ಕಿನ ಗುಂಡು ಚಿಮ್ಮುತ್ತದೆ. ಹಬ್ಬು (ಶಾಫ್ಟಿನ ಮೇಲೆ ಕೂರುವ ನಡುಭಾಗ) ಮತ್ತು ಸ್ಲೀವ್ (ಅದರ ಮೇಲೆ ಜಾರುವ ಹಲ್ಲಿನ ಬಳೆ) ಯಾವ ಕಡೆ ಮುಖ ಮಾಡಿವೆ ಅಂತ ಗುರುತು ಹಾಕಿ, ಫೋಟೊ ತೆಗೆದುಕೊಳ್ಳಿ. ಶಾಫ್ಟಿನಿಂದ ಬೇರಿಂಗ್ ತೆಗೆಯಲು ಸುತ್ತಿಗೆ ಬೇಡ. ಬೇರಿಂಗ್ ಎಳೆದು ತೆಗೆಯುವ ಪುಲ್ಲರ್ ಇಲ್ಲದಿದ್ದರೆ ಪ್ರೆಸ್ ಇರುವ ಲೇತ್ ಅಂಗಡಿಗೆ ಶಾಫ್ಟ್ ಒಯ್ಯಿರಿ.

ಈಗ ಎರಡನೇ ಗೇರಿನ ಹಿತ್ತಾಳೆ ಸಿಂಕ್ರೊ ರಿಂಗ್ ಕೈಗೆ ತೆಗೆದುಕೊಳ್ಳಿ. ಒಳಮೈ ಬೆಳಕಿಗೆ ಹಿಡಿದು ನೋಡಿ. ಹೊಸದರಲ್ಲಿ ಸಣ್ಣ ಸಣ್ಣ ಗೆರೆಗಳು ಚೂಪಾಗಿರುತ್ತವೆ. ಗೇರಿನ ಕೋನ್ (ರಿಂಗ್ ಕೂರುವ ಇಳಿಜಾರು ಮೈ) ಮೇಲಿನ ಆಯಿಲ್ ಪದರವನ್ನು ಕತ್ತರಿಸಿ ಹಿಡಿತ ಕೊಡುವುದು ಆ ಗೆರೆಗಳೇ. ಸವೆದಿದ್ದರೆ ಅವು ಚಪ್ಪಟೆಯಾಗಿ ಹೊಳೆಯುತ್ತವೆ. ರಿಂಗನ್ನು ಕೋನ್ ಮೇಲೆ ಒತ್ತಿ ತಿರುಗಿಸಿ. ಕಚ್ಚಿಕೊಳ್ಳಬೇಕು, ಜಾರಬಾರದು. ಹಾಗೆ ಒತ್ತಿ ಹಿಡಿದೇ ರಿಂಗಿನ ಹಲ್ಲಿಗೂ ಗೇರಿನ ಹಲ್ಲಿಗೂ ನಡುವಿನ ಸಂದನ್ನು ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್‌ನಿಂದ ಸುತ್ತಲೂ ಮೂರ್ನಾಲ್ಕು ಕಡೆ ಅಳೆಯಿರಿ. ಅರ್ಧ ಮಿಲಿಮೀಟರ್‌ಗಿಂತ ಕಡಿಮೆ ಬಂದರೆ ಬದಲಿಸಿ. ಸ್ಲೀವಿನ ಒಳಹಲ್ಲಿನ ತುದಿಯನ್ನೂ ಉಗುರಿನಿಂದ ಸವರಿ ನೋಡಿ. ತುದಿ ಮೊಂಡಾಗಿದ್ದರೆ ಬರೀ ಹೊಸ ರಿಂಗಿನಿಂದ ಪ್ರಯೋಜನವಿಲ್ಲ, ಸ್ಲೀವ್ ಕೂಡ ಬೇಕು. ದುಡ್ಡು ಜಾಸ್ತಿಯಾದರೂ ಇಲ್ಲಿ ಉಳಿತಾಯ ಮಾಡಬಾರದು ಅನ್ನುವುದು ನನ್ನ ಅಭಿಪ್ರಾಯ. ಬೇರಿಂಗ್, ಆಯಿಲ್ ಸೀಲ್, ಸರ್ಕ್ಲಿಪ್ ಎಲ್ಲಾ ಹೊಸದೇ ಹಾಕಿ.

ನಮ್ಮ ಜಡಿಮಳೆಯಲ್ಲಿ ಇನ್ನೊಂದು ಎಚ್ಚರ ಬೇಕು. ತೊಳೆದು ಒಣಗಿಸಿದ ಗೇರನ್ನು ಹಾಗೇ ಬಿಟ್ಟರೆ ಬೆಳಗಾಗುವುದರೊಳಗೆ ಕೆಂಪು ತುಕ್ಕು ಹಿಡಿದಿರುತ್ತದೆ. ಪ್ರತಿ ಭಾಗಕ್ಕೂ ಗೇರ್ ಆಯಿಲ್ ಸವರಿ, ಪೇಪರ್ ಸುತ್ತಿ, ಮುಚ್ಚಳದ ಡಬ್ಬದಲ್ಲಿಡಿ. ಹೊಸ ಬೇರಿಂಗನ್ನು ಕೂರಿಸುವ ಹೊತ್ತಿಗೇ ಪ್ಯಾಕೆಟ್‌ನಿಂದ ತೆಗೆಯಿರಿ.

ಜೋಡಿಸುವಾಗ ಸಿಂಕ್ರೊ ಕೀಗಳು (ಹಬ್ಬಿನಲ್ಲಿರುವ ಸಣ್ಣ ತುಂಡುಗಳು) ರಿಂಗಿನ ಕಚ್ಚುಗಳಲ್ಲಿ ಸರಿಯಾಗಿ ಕೂರಬೇಕು. ಎರಡು ಗೇರ್ ಒಟ್ಟಿಗೆ ಬೀಳದಂತೆ ತಡೆಯುವ ಸಣ್ಣ ತುಂಡು ಸೆಲೆಕ್ಟರ್ ರಾಡ್‌ಗಳ ನಡುವೆ ಇರುತ್ತದೆ, ಅದು ಬಿಟ್ಟುಹೋಗಬಾರದು. ಮೇಲೆತ್ತುವ ಮುಂಚೆ ಇನ್‌ಪುಟ್ ಶಾಫ್ಟನ್ನು ಕೈಯಲ್ಲೇ ತಿರುಗಿಸಿ ಒಂದೊಂದೇ ಗೇರ್ ಹಾಕಿ ನೋಡಿ. ನಾಲ್ಕನೇ ಗೇರಿನಲ್ಲಿ ಮುಂದಿನ ಶಾಫ್ಟ್ ಒಂದು ಸುತ್ತಾದರೆ ಹಿಂದಿನದೂ ಸರಿಯಾಗಿ ಒಂದು ಸುತ್ತು. ರಿವರ್ಸ್‌ನಲ್ಲಿ ಹಿಂದಿನ ಶಾಫ್ಟ್ ಉಲ್ಟಾ ತಿರುಗಬೇಕು.

ಗೇರ್‌ಬಾಕ್ಸ್ ಎಂಜಿನ್‌ಗೆ ಪೂರ್ತಿ ಕೂರುವ ಮುಂಚೆ ಬೋಲ್ಟ್ ಬಿಗಿದು ಎಳೆಯಬೇಡಿ, ಅಲ್ಯುಮಿನಿಯಂ ಕೇಸ್ ಸೀಳುತ್ತದೆ. ಅದರ ಭಾರ ಕ್ಲಚ್ ಪ್ಲೇಟ್ ಮೇಲೆ ಬೀಳಲೂ ಬಿಡಬೇಡಿ. ಗೇರ್ ಆಯಿಲ್ ದಪ್ಪ 80ಡಬ್ಲ್ಯೂ-90, ದರ್ಜೆ ಜಿಎಲ್-4. ಹಿಂದಿನ ಆಕ್ಸಲಿನ ಡಿಫರೆನ್ಷಿಯಲ್‌ಗೆ ಅಂತ ಬರುವ ಜಿಎಲ್-5 ಹಿತ್ತಾಳೆ ರಿಂಗಿಗೆ ಹೇಳಿ ಮಾಡಿಸಿದ್ದಲ್ಲ. ಗಾಡಿ ಸಮತಟ್ಟಾಗಿ ನಿಂತಿರುವಾಗ ಫಿಲ್ಲರ್ ತೂತಿನಿಂದ ಹೊರಗೆ ಜಿನುಗುವ ತನಕ ಹಾಕಿ.

ಮೊದಲು ಊರೊಳಗೇ ನಿಧಾನ ಓಡಿಸಿ, ಸರಿ ಇದೆ ಅನ್ನಿಸಿದ ಮೇಲೆ ಘಾಟಿ. ಸುಮಾರು 500 ಕಿಲೋಮೀಟರ್ ಆದಮೇಲೆ ಆಯಿಲ್ ಇಳಿಸಿ ಬಿಳಿ ಬಟ್ಟೆಯಲ್ಲಿ ಸೋಸಿ. ಹಿತ್ತಾಳೆ ಬಣ್ಣದ ನುಣ್ಣನೆ ಪುಡಿ ಸ್ವಲ್ಪ ಇದ್ದರೆ ಹೊಸ ರಿಂಗ್ ಪಳಗುತ್ತಿದೆ, ಹೊಸ ಆಯಿಲ್ ಹಾಕಿ ಓಡಿಸಿ. ಉಕ್ಕಿನ ಚೂರು ಸಿಕ್ಕರೆ ಗಾಡಿ ಅಲ್ಲೇ ನಿಲ್ಲಿಸಿ, ಕೇಸ್ ಮತ್ತೆ ಬಿಚ್ಚಿ.